ಕಂಸಾಳೆ ಗಾಯಕನ ಕಲಾಜೀವನ: ದಾಖಲಾತಿಯ ಪ್ರಶ್ನೆ

ಜನಪದ ಮಹಾಕಾವ್ಯಗಳ ಅಧ್ಯಯನದಲ್ಲಿ ಕಾವ್ಯಕ್ಕೆ ಸಂದ ಗಮನ ಅದನ್ನು ಹಾಡಿದ ಕಲಾವಿದನ ಜೀವನಕ್ಕೆ ಸಂದದ್ದು ಕಡಿಮೆ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟವನ್ನು ಕೇಂದ್ರವಾಗುಳ್ಳ ಕಂಸಾಳೆ ಪರಂಪರೆ ಇದಕ್ಕೆ ನಿದರ್ಶನ.

ಮಾದೇಶ್ವರನ ಕಾವ್ಯವನ್ನು ಹಾಡುವವರು ದೀಕ್ಷೆ ಪಡೆದ ದೇವರಗುಡ್ಡರು. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಇವೆರಡರ ಹೊಡೆತವೇ ಗಾಯನದ ಲಯ. ಮುಖ್ಯ ಗಾಯಕ ಕಥೆಯನ್ನು ನಡೆಸಿದರೆ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಸಂಕಮ್ಮ, ಬೇವಿನಹಟ್ಟಿ ಕಾಳಮ್ಮ ಮೊದಲಾದ ‘ಸಾಲು’ಗಳ ಕಥಾಚೌಕಟ್ಟು ಸ್ಥಿರವಾದುದು, ವರ್ಣನೆ, ಸಂಭಾಷಣೆಗಳು ಸಂದರ್ಭಕ್ಕೆ ತಕ್ಕಂತೆ ಹಿಗ್ಗುತ್ತವೆ, ಕುಗ್ಗುತ್ತವೆ. ಗಾಯಕನ ಪ್ರತಿಭೆ ವ್ಯಕ್ತವಾಗುವುದು ಈ ವ್ಯತ್ಯಾಸಗಳಲ್ಲಿಯೇ.

ಆಶುವಿಸ್ತಾರವನ್ನು ಅವಲಂಬಿಸಿದ ಅನ್ಯದೇಶದ ಕಲೆಯೊಂದರ ಸ್ಥಿತಿಯನ್ನು ಇಲ್ಲಿ ಹೋಲಿಸಬಹುದು. ಅಮೆರಿಕದ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ 1942ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆದರೂ ಒಂದೇ ರಚನೆಯನ್ನು ಆತ ಮತ್ತೆ ಮತ್ತೆ ನುಡಿಸಿದ ಧ್ವನಿಮುದ್ರಣಗಳು ಉಳಿದಿರುವುದರಿಂದ ಆತನ ವಿಸ್ತಾರಕ್ರಮವನ್ನು ಇಂದಿಗೂ ಅಭ್ಯಸಿಸಬಹುದು.

ನಮ್ಮಲ್ಲಿ, ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಗ್ರಂಥದಲ್ಲಿ ಗಾಯಕನ ಹೆಸರು ನಮೂದಾದುದು ಮಹತ್ವದ ಸಂಗತಿ. ಆದರೆ ಒಂದು ಮುದ್ರಿತ ಪಾಠ ಒಂದು ಗಾಯನವನ್ನಷ್ಟೇ ಹಿಡಿದಿಡಬಲ್ಲದು.

ಆದ್ದರಿಂದ ಒಬ್ಬನೇ ಗಾಯಕ ಒಂದೇ ಸಾಲನ್ನು ಬೆಟ್ಟದ ಜಾತ್ರೆಯಲ್ಲಿ, ಚಾಮರಾಜನಗರ ಅಥವಾ ಗುಂಡ್ಲುಪೇಟೆಯ ಹಳ್ಳಿಯ ಹರಕೆಯಲ್ಲಿ, ನಗರದ ವೇದಿಕೆಯಲ್ಲಿ ಹಾಡಿದುದನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ದಿನಾಂಕ, ಸ್ಥಳ, ಗುರುವಿನ ಹೆಸರು, ಹಿಮ್ಮೇಳದವರ ಹೆಸರುಗಳು ಅದರೊಂದಿಗಿರಬೇಕು. ಗಾಯಕನನ್ನು ಕೇವಲ ‘ವಕ್ತೃ’ವೆಂದಲ್ಲದೆ ಕಾವ್ಯದ ಸಹಕರ್ತೃವೆಂದು ಗುರುತಿಸಲು ಇದೇ ಆಧಾರ.