ರಿಮೋಟ್ ಹಾಯಿದೋಣಿ: ದಡದಲ್ಲೇ ಮುಗಿಯಬೇಕಾದ ಕೆಲಸ

ರಿಮೋಟ್ ಹಾಯಿದೋಣಿ ಓಡಿಸುವವರ ಕೈಗೆ ಸಿಗುವುದು ಎರಡೇ ಹಿಡಿತ. ರಿಮೋಟಿನ ಒಂದು ಕಡ್ಡಿ ಚುಕ್ಕಾಣಿಯನ್ನು ತಿರುಗಿಸುತ್ತದೆ, ಇನ್ನೊಂದು ಹಾಯಿಯ ಹುರಿಯನ್ನು ಎಳೆಯುತ್ತದೆ ಅಥವಾ ಸಡಿಲ ಬಿಡುತ್ತದೆ. ಓಡಿಸುವ ಮೋಟಾರಿಲ್ಲ, ನೀರು ತಳ್ಳುವ ಫ್ಯಾನಿಲ್ಲ. ಓಡಿಸುವುದು ಗಾಳಿ. ಹಾಯಿ ಎಷ್ಟು ಉಬ್ಬಬೇಕು, ಕಂಬ ಯಾವ ಕಡೆ ವಾಲಬೇಕು, ಹುರಿ ಎಷ್ಟು ಬಿಗಿ ಇರಬೇಕು ಎಂಬುದನ್ನೆಲ್ಲ ನೀರಿಗೆ ಇಳಿಸುವ ಮೊದಲೇ ಕಟ್ಟಿ ಮುಗಿಸಿರಬೇಕು. ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸೂತ್ರ ಸರಿಯಾಗಿ ಕಟ್ಟದ ಪಟ, ದಾರ ಹೇಗೆ ಜಗ್ಗಿದರೂ ಗಿರಕಿ ಹೊಡೆದು ನೆಲಕ್ಕೇ ಬರುತ್ತದೆ.

ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು

ಮಳವಳ್ಳಿ ತಾಲ್ಲೂಕಿನ ಬ್ಲಫ್ ಸುತ್ತ ನೀರಿಗೆ ಬರವಿಲ್ಲ. ಆದರೆ ಆ ನೀರು ದುಡಿಯುವ ನೀರು. 1902ರಿಂದ ಶಿವನಸಮುದ್ರದ ವಿದ್ಯುದಾಗಾರಕ್ಕೆ ಕಾವೇರಿಯನ್ನು ಕಾಲುವೆಯಲ್ಲಿ ತಿರುಗಿಸಿ, ಉಕ್ಕಿನ ಕೊಳವೆಗಳಲ್ಲಿ ಕೆಳಕ್ಕೆ ಧುಮುಕಿಸಲಾಗುತ್ತಿದೆ. ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಇಲ್ಲಿಂದಲೇ. ಅಂಥ ಕಾಲುವೆಯಲ್ಲಿ ನೀರಿನ ಸೆಳೆತ ಗಾಳಿಗಿಂತ ಬಲವಾಗಿರುತ್ತದೆ. ಅದು ಜನ ಇಳಿಯುವ ಜಾಗವೂ ಅಲ್ಲ. ಗಗನಚುಕ್ಕಿ, ಭರಚುಕ್ಕಿಯ ಆಸುಪಾಸಿನ ಹೊಳೆಯಲ್ಲಿ ಬಂಡೆ, ಸುಳಿ. ವಿಶ್ವೇಶ್ವರಯ್ಯ ನಾಲೆಯದೂ ಇದೇ ಕಥೆ: ಹೋದ ದೋಣಿ ಹೋದಂತೆಯೇ.

ಹಾಯಿದೋಣಿಗೆ ಬೇಕಾದದ್ದು ನಿಂತ ನೀರು, ಅಂದರೆ ಕೆರೆ. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೂ ಮೂರು ಸಂಗತಿ ನೋಡಿಕೊಳ್ಳಬೇಕು. ಮೊದಲನೆಯದು ಆಳ. ದೋಣಿಯ ಕೆಳಗೆ ಸೀಸದ ಗುಂಡು ನೇತಾಡುವುದರಿಂದ ಒಂದು ಮೀಟರ್ ಉದ್ದದ ದೋಣಿಗೆ ಕನಿಷ್ಠ ಎರಡಡಿ ನೀರು ಬೇಕು. ಕೆರೆಯಂಗಳದ ಕಡೆ ನೀರು ತೆಳು, ತಳವೆಲ್ಲ ಕೆಸರು. ಏರಿಯ ಕಡೆ, ತೂಬಿನ ಸುತ್ತ ಆಳ ಸಿಗುತ್ತದೆ. ಎರಡನೆಯದು ಜೊಂಡು ಮತ್ತು ಪಾಚಿ. ಒಂದು ಎಳೆ ಪಾಚಿ ಚುಕ್ಕಾಣಿಗೆ ಸುತ್ತಿಕೊಂಡರೆ ದೋಣಿ ನಿಂತಲ್ಲೇ ನಿಲ್ಲುತ್ತದೆ. ಮೂರನೆಯದು ಬಲೆ. ಹೆಚ್ಚಿನ ಕೆರೆಗಳಲ್ಲಿ ಮೀನು ಸಾಕಣೆಯ ಗುತ್ತಿಗೆ ಇರುತ್ತದೆ. ಗುತ್ತಿಗೆ ಹಿಡಿದವರನ್ನು ಕೇಳಿಯೇ ಇಳಿಸಿ. ದೋಣಿ ನಡುನೀರಿನಲ್ಲಿ ಕೈಕೊಟ್ಟಾಗ ಹರಿಗೋಲಿನಲ್ಲಿ ಹೋಗಿ ತಂದುಕೊಡುವವರೂ ಅವರೇ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಸುತ್ತಲಿನ ಕೆರೆಗಳಿಗೆ ಮೇವಿಗೆ ಬರುತ್ತವೆ. ಹಕ್ಕಿಗಳ ಹಿಂಡು ಇಳಿದ ಕಡೆ ದೋಣಿ ಬಿಡಬೇಡಿ.

ನಿಲ್ಲುವ ದಡವನ್ನೂ ಆರಿಸಬೇಕು. ಗಾಳಿ ನಿಮ್ಮ ಮುಖಕ್ಕೆ ಬೀಸುವ ದಡವೇ ಸರಿ. ಬ್ಯಾಟರಿ ಸತ್ತರೂ ದೋಣಿ ತೇಲುತ್ತಾ ನಿಮ್ಮ ಕಡೆಗೇ ಬರುತ್ತದೆ. ಆಷಾಢದ ಪಡುವಣ ಗಾಳಿಗೆ ಕೆರೆಯ ಮೂಡಲ ದಡದಲ್ಲಿ ನಿಲ್ಲಿ. ನೆಲ ಮೂಡಲಿಗೆ ಇಳಿಜಾರಾಗಿರುವ ಕಡೆ ಏರಿಯೂ ಮೂಡಲಿಗೇ ಇರುವುದರಿಂದ ಆಳವೂ ಅಲ್ಲೇ ಸಿಗುತ್ತದೆ. ಏರಿಯ ಕಲ್ಲಿಗೆ ದೋಣಿ ಉಜ್ಜದಂತೆ ಹಳೆಯ ಚಾಪೆಯೊಂದನ್ನು ಹಾಸಿಕೊಂಡರಾಯಿತು.

ಯಾವ ದೋಣಿ

ಈ ದೋಣಿಗಳಿಗೆ ಜಗತ್ತಿನಾದ್ಯಂತ ವರ್ಗಗಳಿವೆ. 1930ರಲ್ಲಿ ಅಮೆರಿಕದ ಮಾರ್ಬಲ್‌ಹೆಡ್ ಊರಿನಲ್ಲಿ ಹುಟ್ಟಿದ ವರ್ಗಕ್ಕೆ ಊರಿನ ಹೆಸರೇ ಉಳಿದಿದೆ: 50 ಅಂಗುಲ ಉದ್ದ, 800 ಚದರ ಅಂಗುಲ ಹಾಯಿ. ಇಂದು ಹೆಚ್ಚು ಪ್ರಚಲಿತವಾಗಿರುವುದು ಇಂಟರ್‌ನ್ಯಾಷನಲ್ ಒನ್ ಮೀಟರ್. ಅದರ ಒಡಲು ಒಂದು ಮೀಟರ್ ಮೀರಬಾರದು, ತೂಕ 4 ಕಿಲೋಗೆ ಕಡಿಮೆ ಇರಬಾರದು, ನೀರಿನೊಳಗಿನ ಆಳ 42 ಸೆಂಟಿಮೀಟರ್ ದಾಟಬಾರದು. ಗಾಳಿಯ ಜೋರಿಗೆ ತಕ್ಕಂತೆ ಮೂರು ಅಳತೆಯ ಹಾಯಿಗಳನ್ನು ಇಟ್ಟುಕೊಳ್ಳಬಹುದು. ಕಲಿಯುವವರಿಗೆ ಡ್ರ್ಯಾಗನ್ ಫೋರ್ಸ್ 65 ಎಂಬ ಸಿದ್ಧ ಕಿಟ್ ಸುಲಭ. ಅದು 65 ಸೆಂಟಿಮೀಟರ್ ಉದ್ದ, ಕಂಬ ಬಿಚ್ಚಿದರೆ ಬೈಕಿನಲ್ಲೂ ಒಯ್ಯಬಹುದು.

ನಮ್ಮಲ್ಲಿ ಈ ವಿದ್ಯೆಗೆ ಒಂದು ಬಾಗಿಲು ಎನ್‌ಸಿಸಿಯ ನೌಕಾ ವಿಭಾಗ. ಅಲ್ಲಿ ಹಡಗಿನ ಮಾದರಿ ಮಾಡುವುದು ಪಠ್ಯದ ಭಾಗ. ಅಖಿಲ ಭಾರತ ನೌಸೈನಿಕ ಶಿಬಿರದಲ್ಲಿ ಅದರ ಸ್ಪರ್ಧೆಯೂ ನಡೆಯುತ್ತದೆ. ಮನೆಯಲ್ಲೇ ಮಾಡುವವರು ಬಾಲ್ಸಾ ಮರದ ಪಟ್ಟಿ ಜೋಡಿಸಿ, ಮೇಲೆ ಫೈಬರ್ ಬಟ್ಟೆ ಮತ್ತು ಎಪಾಕ್ಸಿ ಹಚ್ಚಿ ಒಡಲು ಕಟ್ಟುತ್ತಾರೆ. ಹಾಯಿಗೆ ಗಾಳಿಪಟದ ಕಾಗದ ಆಗದು. ನಕ್ಷೆ ಬರೆಯುವ ತೆಳುವಾದ ಪಾಲಿಯೆಸ್ಟರ್ ಹಾಳೆ ಬೇಕು.

ಎದುರು ಗಾಳಿಗೆ ಹೋಗುವ ಬಗೆ

ಗಾಳಿ ಹಿಂದಿನಿಂದ ಬಂದರೆ ದೋಣಿ ಮುಂದೆ ಹೋಗುವುದು ಯಾರಿಗಾದರೂ ಅರ್ಥವಾಗುತ್ತದೆ. ಎದುರು ಗಾಳಿಗೆ ಹೋಗುವುದೇ ಸೋಜಿಗ. ಉಬ್ಬಿದ ಹಾಯಿಯ ಎರಡೂ ಮೈಮೇಲೆ ಗಾಳಿ ಹರಿದಾಗ ಹಾಯಿಯನ್ನು ಓರೆಯಾಗಿ ಎಳೆಯುವ ಬಲವೊಂದು ಹುಟ್ಟುತ್ತದೆ. ಅದರಲ್ಲಿ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೆ ದೂಡುತ್ತದೆ, ಕೊಂಚ ಪಾಲು ಮುಂದಕ್ಕೆ ಎಳೆಯುತ್ತದೆ. ಪಕ್ಕಕ್ಕೆ ಜಾರುವುದನ್ನು ಕೆಳಗಿನ ಕೀಲ್ ಎಂಬ ರೆಕ್ಕೆ ತಡೆಯುತ್ತದೆ, ಮಗುಚುವುದನ್ನು ಅದರ ತುದಿಯ ಸೀಸದ ಗುಂಡು ತಡೆಯುತ್ತದೆ. ಉಳಿಯುವುದು ಮುನ್ನಡೆ ಮಾತ್ರ. ಹಾಗೆಂದು ನೇರ ಎದುರಿಗೆ ಹೋಗಲಾಗದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಏರಬೇಕು.

ಹಾಯಿಯ ಎಳೆತದ ಕೇಂದ್ರ ಮತ್ತು ಕೀಲ್‌ನ ತಡೆಯ ಕೇಂದ್ರ ಹೊಂದಿಕೊಂಡಿದ್ದರೆ ದೋಣಿ ತಾನೇ ನೆಟ್ಟಗೆ ಓಡುತ್ತದೆ. ಹೊಂದದಿದ್ದರೆ ಚುಕ್ಕಾಣಿಯನ್ನು ಸದಾ ಓರೆ ಹಿಡಿದಿರಬೇಕಾಗುತ್ತದೆ, ಓರೆ ಹಿಡಿದ ಚುಕ್ಕಾಣಿ ಬ್ರೇಕಿನ ಕೆಲಸ ಮಾಡುತ್ತದೆ.

ಮನೆಯಲ್ಲಿ ಮಾಡುವ ಸಜ್ಜು

ಮೊದಲು ನೀರು ಸೋರುತ್ತದೆಯೇ ನೋಡಿ. ಕಂಬ, ಹಾಯಿ, ಕೀಲ್, ಬ್ಯಾಟರಿ ಯಾವುದೂ ಇಲ್ಲದೆ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಕೈಯಿಂದ ಒತ್ತಿ, ಅರ್ಧ ಗಂಟೆ ಬಿಡಿ. ಒಳಗೆ ಟಿಶ್ಯೂ ಕಾಗದ ಹಾಸಿದ್ದರೆ ಒದ್ದೆಯಾದ ಜಾಗವೇ ಸೋರಿಕೆಯನ್ನು ತೋರಿಸುತ್ತದೆ. ಚುಕ್ಕಾಣಿಯ ದಂಡ ಒಳಬರುವ ತೂತು ಮತ್ತು ಕೀಲ್ ಕೂರುವ ಗೂಡನ್ನು ಮೊದಲು ಅನುಮಾನಿಸಿ.

ಆಮೇಲೆ ರೇಡಿಯೊ. 2.4 ಗಿಗಾಹರ್ಟ್ಸ್ ಅಲೆ ನೀರನ್ನು ದಾಟದು. ಆದ್ದರಿಂದ ರಿಸೀವರಿನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೆ, ಮುಚ್ಚಿಗೆಯ ಅಡಿಗೇ ಅಂಟಿಕೊಂಡಿರಲಿ. ರಿಸೀವರನ್ನು ಬಲೂನಿನೊಳಗೆ ತೂರಿಸಿ, ತಂತಿಗಳು ಹೊರಬರುವ ಬಾಯನ್ನು ಬಿಗಿಯಾಗಿ ಕಟ್ಟುವುದು ಅಗ್ಗದ, ಚೆನ್ನಾಗಿ ನಡೆಯುವ ಉಪಾಯ. ಕಡ್ಡಿ ನಡುವೆ ಇದ್ದಾಗ ಚುಕ್ಕಾಣಿಯೂ ನಡುವೆ ಇರಬೇಕು. ಅದು ಎರಡು ಬದಿಗೂ 35 ಡಿಗ್ರಿ ತಿರುಗಿದರೆ ಸಾಕು.

ಹುರಿ ಎಳೆಯುವ ವಿಂಚ್ ಮೋಟಾರಿಗೆ ಎರಡೂ ಕಡೆ ಮಿತಿ ಹಾಕಬೇಕು. ಪೂರ್ತಿ ಬಿಟ್ಟಾಗ ಬೂಮ್‌ಗಳು, ಅಂದರೆ ಹಾಯಿಗಳ ತಳವನ್ನು ಹಿಡಿದಿರುವ ಕೋಲುಗಳು, ಹೆಚ್ಚುಕಡಿಮೆ ದೋಣಿಗೆ ಅಡ್ಡವಾಗಿ ನಿಲ್ಲಲಿ. ಪೂರ್ತಿ ಎಳೆದಾಗ ಕಂಬದ ಹಿಂದಿನ ದೊಡ್ಡ ಹಾಯಿಯ ಬೂಮ್ ತುದಿ ನಡುಗೆರೆಯಿಂದ ಒಂದು ಬೆರಳು ಆಚೆ, ಕಂಬದ ಮುಂದಿನ ಮುಂಹಾಯಿಯ ಬೂಮ್ ತುದಿ ಸುಮಾರು ಮೂರು ಬೆರಳು ಆಚೆ ಇರಲಿ. ಅಲ್ಲಿಗೆ ಬಂದ ಮೇಲೂ ವಿಂಚ್ ಗುಂಯ್‌ಗುಡುತ್ತಿದ್ದರೆ ಹುರಿಯನ್ನು ಇನ್ನೂ ಎಳೆಯುತ್ತಿದೆ ಎಂದರ್ಥ. ಹಾಗೇ ಬಿಟ್ಟರೆ ಬ್ಯಾಟರಿ ಬೇಗ ಬರಿದಾಗುತ್ತದೆ, ಮೋಟಾರೂ ಸುಡುತ್ತದೆ.

ಕೊನೆಗೆ ಹಾಯಿಯ ಆಕಾರ. ಬೂಮ್ ಒಂದಡಿ ಉದ್ದವಿದ್ದರೆ ಹಾಯಿಯ ತಳದ ಉಬ್ಬು ಸುಮಾರು ಒಂದಂಗುಲ ಇರಲಿ. ಗಾಳಿ ಜೋರಾದರೆ ತಳವನ್ನು ಕೊಂಚ ಬಿಗಿದು ಉಬ್ಬನ್ನು ಇಳಿಸಿ. ಹಾಯಿಯ ಹಿಂಬದಿಯ ಅಂಚು ಮೇಲೆ ಹೋದಂತೆ ಸ್ವಲ್ಪ ಹೊರಕ್ಕೆ ತೆರೆದುಕೊಳ್ಳಬೇಕು, ಏಕೆಂದರೆ ಎತ್ತರದಲ್ಲಿ ಗಾಳಿಯ ವೇಗವೂ ಹೆಚ್ಚು, ದೋಣಿಗೆ ಅದು ತಾಗುವ ಕೋನವೂ ಬೇರೆ. ಬೂಮನ್ನು ಕೆಳಕ್ಕೆ ಹಿಡಿದಿರುವ ಹುರಿ ಬಿಗಿಯಾದರೆ ಈ ತಿರುಚು ಕಡಿಮೆಯಾಗುತ್ತದೆ. ಕಂಬದ ತುದಿಯಿಂದ ಹಿಂದಕ್ಕೆ ಇಳಿಯುವ ಹುರಿಯನ್ನು ಬಿಗಿದರೆ ಮುಂಹಾಯಿಯ ಅಂಚು ನೆಟ್ಟಗಾಗುತ್ತದೆ. ಅದು ಜೋಲುತ್ತಿದ್ದರೆ ಎದುರು ಗಾಳಿಗೆ ಏರುವುದು ಕಷ್ಟ.

ನೀರಿನಲ್ಲಿ ಪರೀಕ್ಷೆ

ಹದವಾದ ಗಾಳಿಯಲ್ಲಿ, ಹುರಿ ಪೂರ್ತಿ ಎಳೆದು, ಎದುರು ಗಾಳಿಗೆ ಓರೆಯಾಗಿ ಓಡಿಸಿ ಚುಕ್ಕಾಣಿಯ ಕಡ್ಡಿ ಬಿಟ್ಟುಬಿಡಿ. ದೋಣಿ ಕೊಂಚ ದೂರ ನೆಟ್ಟಗೆ ಹೋಗಿ, ಮೆಲ್ಲಗೆ ಗಾಳಿಯ ಕಡೆ ಮೂಗು ತಿರುಗಿಸಿದರೆ ಸಜ್ಜು ಸರಿ. ಇಲ್ಲದಿದ್ದರೆ ಲಕ್ಷಣ ನೋಡಿ ಮದ್ದು ಮಾಡಿ.

– ಬಿಟ್ಟ ಕೂಡಲೇ ಗಾಳಿಯ ಕಡೆ ತಿರುಗಿ ನಿಂತರೆ, ಕಂಬವನ್ನು ತುಸು ಮುಂದಕ್ಕೆ ವಾಲಿಸಿ.

– ಗಾಳಿಯಿಂದ ದೂರ ಓಡಿದರೆ, ಕಂಬವನ್ನು ತುಸು ಹಿಂದಕ್ಕೆ ವಾಲಿಸಿ.

– ಹಾಯಿ ಉಬ್ಬಿದ್ದೂ ದೋಣಿ ನಿಧಾನವಾದರೆ, ಹುರಿ ಅತಿ ಬಿಗಿಯಾಗಿದೆ. ಸ್ವಲ್ಪ ಬಿಡಿ.

– ಸದಾ ಪಕ್ಕಕ್ಕೆ ಮಲಗಿ ಓಡಿದರೆ ಅಥವಾ ಹಿಂದಿನ ಗಾಳಿಗೆ ಮೂಗು ಮುಳುಗಿಸಿದರೆ, ಚಿಕ್ಕ ಹಾಯಿ ಏರಿಸುವ ಹೊತ್ತು ಬಂದಿದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ಸರಿಯಾದ ಜಾಗ ಸಿಕ್ಕಾಗ ಕಂಬದ ಬುಡದಲ್ಲೂ ಹುರಿಯ ಮೇಲೂ ಮಾರ್ಕರಿನಿಂದ ಗುರುತು ಹಾಕಿಕೊಳ್ಳಿ. ಮುಂದಿನ ಸಲ ಹೊಸದಾಗಿ ಹುಡುಕುವುದು ತಪ್ಪುತ್ತದೆ.

ದೋಣಿ ಸಿಕ್ಕಿಕೊಂಡರೆ ಈಜಿ ತರಲು ಹೋಗಬೇಡಿ. ಗೋಡು ತೆಗೆದ ಗುಂಡಿಗಳು, ಹೂಳು ಮೇಲಿನಿಂದ ಕಾಣುವುದಿಲ್ಲ. ಗಾಳದ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ದೋಣಿಯ ಆಚೆಗೆ ಎಸೆದು ಮೆಲ್ಲಗೆ ಎಳೆದುಕೊಳ್ಳಿ.

ಆರೈಕೆ

ಮನೆಗೆ ಬಂದ ಕೂಡಲೇ ಬ್ಯಾಟರಿ ತೆಗೆಯಿರಿ. ಮುಚ್ಚಿಗೆಯ ಕಿಂಡಿಯನ್ನು ತೆರೆದು, ಒಳಗಿನ ನೀರನ್ನು ಸ್ಪಂಜಿನಿಂದ ಹೀರಿ, ಒಂದು ರಾತ್ರಿ ಹಾಗೇ ತೆರೆದಿಡಿ. ಹನಿ ನೀರು ಒಳಗೇ ಉಳಿದರೆ ಎರಡು ವಾರದಲ್ಲಿ ಸ್ವಿಚ್ಚು ಮತ್ತು ಪ್ಲಗ್ಗುಗಳಿಗೆ ಹಸಿರು ಕಿಲುಬು ಹಿಡಿಯಬಹುದು. ಪ್ಲಗ್ಗಿನ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿದರೆ ತಡೆಯುತ್ತದೆ. ಚುಕ್ಕಾಣಿಯ ದಂಡ ತಿರುಗುವ ಕೊಳವೆಗೆ ಆಗಾಗ ಗ್ರೀಸು ತುಂಬಿದರೆ ಸಲೀಸಾಗಿ ತಿರುಗುತ್ತದೆ, ನೀರೂ ಒಳಬರುವುದಿಲ್ಲ.

ಹಾಯಿ ಬಿಗಿದ ಹುರಿಗಳನ್ನೆಲ್ಲ ಸಡಿಲಿಸಿಡಿ. ಬಿಗಿದೇ ಇಟ್ಟ ಹಾಯಿ ಹಿಗ್ಗಿ ಆಕಾರ ಕೆಡುತ್ತದೆ. ಮಡಿಸಿದರೆ ಗೆರೆ ಬಿದ್ದು ಮತ್ತೆ ಹೋಗದು. ನೇತುಹಾಕಿ ಅಥವಾ ಸುರುಳಿ ಸುತ್ತಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ದೋಣಿ ಬಿಟ್ಟರೆ ಅಂಟು ಸಡಿಲಗೊಂಡು ಹಾಯಿಯ ಪಟ್ಟಿಗಳು ಬಿಟ್ಟುಕೊಳ್ಳುತ್ತವೆ.

ಹುರಿ ಸವೆಯುವುದು ಬಳೆ, ಕೊಂಡಿಗಳ ಮೂಲಕ ಹಾಯುವ ಜಾಗದಲ್ಲಿ. ಬೆರಳಾಡಿಸಿ ನೋಡಿ, ಎಳೆ ಎದ್ದಿದ್ದರೆ ಬದಲಿಸಿ. ಗಂಟಿನ ಮೇಲೆ ಒಂದು ಹನಿ ಫೆವಿಕ್ವಿಕ್ ಹಾಕಿದರೆ ಬಿಚ್ಚಿಕೊಳ್ಳದು. ಸೀಸದ ಗುಂಡಿನ ಬಣ್ಣ ಕಿತ್ತ ಕಡೆ ಮತ್ತೆ ಬಳಿಯಿರಿ. ಬರಿ ಸೀಸ ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಬ್ಯಾಟರಿಯಲ್ಲಿ ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಸೇರಿ 4.8 ವೋಲ್ಟ್ ಕೊಡುತ್ತವೆ. ಕಲಿಯುವವರಿಗೆ ಅವು ಸಾಕು, ಅಪಾಯವೂ ಕಡಿಮೆ. ಲಿಥಿಯಂ ಪಾಲಿಮರ್ ಹಗುರ, ಆದರೆ ಅದರ ಒಂದೊಂದು ಸೆಲ್ಲೂ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ಒಂದೊಂದು ಸೆಲ್ಲನ್ನೂ ಸುಮಾರು 3.8 ವೋಲ್ಟಿಗೆ ತಂದಿಡಿ. ಚಾರ್ಜಿಗೆ ಹಾಕಿ ಮಲಗಬೇಡಿ. ಊದಿದ ಬ್ಯಾಟರಿಯನ್ನು ಮತ್ತೆ ಬಳಸಲೇಬೇಡಿ.

ವರ್ಷದ ಲೆಕ್ಕ

ಕಲಿಯಲು ಒಳ್ಳೆಯ ಕಾಲ ಮಾರ್ಗಶಿರದಿಂದ ಮಾಘದವರೆಗೆ. ಮಳೆಯಿಂದಲೂ ನಾಲೆ ನೀರಿನಿಂದಲೂ ಕೆರೆ ತುಂಬಿರುತ್ತದೆ, ಮೂಡಣ ಗಾಳಿ ಮೆದು. ದೊಡ್ಡ ಅಳತೆಯ ಹಾಯಿಯಲ್ಲೇ ಎಲ್ಲ ಪರೀಕ್ಷೆಯನ್ನೂ ಮಾಡಿಕೊಳ್ಳಬಹುದು. ಚೈತ್ರ, ವೈಶಾಖದ ಸಂಜೆ ಗುಡುಗು ಕೇಳಿದರೆ ದೋಣಿ ಎತ್ತಿ ಏರಿಯಿಂದ ಇಳಿಯಿರಿ. ಆಗ ಬಯಲಿನಲ್ಲಿ ಕಾರ್ಬನ್ ಕಂಬ ಹಿಡಿದು ನಿಲ್ಲುವುದು ಸಲ್ಲದು. ಜ್ಯೇಷ್ಠದಲ್ಲಿ ಹುರಿ, ಗಂಟು, ಕೀಲ್‌ನ ಬೋಲ್ಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಚಿಕ್ಕ ಹಾಯಿಯನ್ನು ಹೊರತೆಗೆಯಿರಿ. ಆಷಾಢದ ಗಾಳಿ ಕಾಯುವುದಿಲ್ಲ. ಅದು ಬಂದ ಮೇಲೆ ಕೈಯಲ್ಲಿರುವುದು ಆ ಎರಡು ಕಡ್ಡಿಗಳು ಮಾತ್ರ.