ದೀಪ ಹಿಡಿದವಳ ಕಥೆ

ಬ್ರಹ್ಮಾವರದ ಪೇಟೆಯಲ್ಲಿ ನಾನು ಸಾಮಾನು ಕೊಳ್ಳುವ ಅಂಗಡಿಯೊಂದರ ಗೋಡೆಯ ಮೇಲೆ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರವೊಂದು ತೂಗುತ್ತಿದೆ. ಹೆಣ್ಣೊಬ್ಬಳ ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ಅದರ ಕುಡಿಗೆ ಮರೆ. ಬೆರಳ ಸಂದಿನಿಂದ ಸೂಸಿದ ಬೆಳಕು ಮುಖದ ಮೇಲೆ ಹರಡಿದೆ. ಇದರ ಮೂಲವನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಾಣದ ಪ್ರವಾಸಿಗರು ವಿರಳ. “ರವಿವರ್ಮನದ್ದು, ಮಾಷ್ಟ್ರೇ” ಎಂದು ಅಂಗಡಿಯ ಹಿರಿಯರು ಅಭಿಮಾನದಿಂದ ಹೇಳುವುದುಂಟು.

ಈ ಚಿತ್ರವನ್ನೇ ತರಗತಿಯಲ್ಲಿ ತೋರಿಸಿ, ಇವಳ ಕಥೆಯನ್ನು ಬರೆಯಿರೆಂದು ವಿದ್ಯಾರ್ಥಿಗಳಿಗೆ ಹೇಳಿದೆ. ಈ ದಾರಿ ಹೊಸದಲ್ಲ. 1665ರ ಸುಮಾರಿಗೆ ಡಚ್ ಕಲಾವಿದ ವರ್ಮೀರ್ ಚಿತ್ರಿಸಿದ ಮುತ್ತಿನೋಲೆಯ ಹುಡುಗಿ ಯಾರೆಂಬುದು ಇಂದಿಗೂ ತಿಳಿಯದು. ಟ್ರೇಸಿ ಶೆವಲಿಯರ್ ಅವರು 1999ರ ತಮ್ಮ ಕಾದಂಬರಿಯಲ್ಲಿ ಅವಳನ್ನು ಚಿತ್ರಕಾರನ ಮನೆಗೆಲಸದವಳನ್ನಾಗಿ ಮಾಡಿ, ಗ್ರೀಟ್ ಎಂದು ಹೆಸರಿಟ್ಟು, ಅವಳ ಬಾಯಿಂದಲೇ ಕಥೆ ಹೇಳಿಸಿದರು.

ನಮ್ಮ ಹುಡುಗರಲ್ಲಿ ಹಲವರು ರಾಣಿಯರನ್ನೂ ರಾಜಕುಮಾರಿಯರನ್ನೂ ಕಂಡರು. ಒಬ್ಬ ವಿದ್ಯಾರ್ಥಿನಿ ಮಾತ್ರ ಬೇರೆಯೇ ಬರೆದಿದ್ದಳು. ಗಂಡ ಮುಂಬಯಿಯ ಹೋಟೆಲಿನ ಕೆಲಸಕ್ಕೆ ಹೋದವನು; ಅವನ ಪತ್ರ ಬರುವುದು ನಿಂತಿದೆ. ಸೀತಾನದಿ ದಾಟಿ ಬರುವವನಿಗೆ ಮನೆ ಕಾಣಲೆಂದು ಅವಳು ಅಂಗಳದಲ್ಲಿ ದೀಪ ಹಿಡಿದು ನಿಂತಿದ್ದಾಳೆ. ಓದಿ ಮುಗಿಸಿದಾಗ ತರಗತಿ ನಿಶ್ಶಬ್ದವಾಯಿತು. ಹಾಗೆ ಕಾದವರು ನಮ್ಮ ಕಡೆಯ ಎಷ್ಟು ಮನೆಗಳಲ್ಲಿದ್ದರೋ!

ಅನಂತರ ನಿಜವನ್ನು ಹೇಳಬೇಕಾಯಿತು. ಚಿತ್ರ ಸಾವಂತವಾಡಿಯ ಕಲಾವಿದ ಎಸ್. ಎಲ್. ಹಲ್ದಂಕರ್ (1882–1968) ಅವರದು. ಅದು ರೂಪುಗೊಂಡುದು 1940ರ ದಶಕದಲ್ಲಿ. ರವಿವರ್ಮನಾದರೋ 1906ರಲ್ಲಿಯೇ ಗತಿಸಿದ್ದನು. ಅವನ ಮುದ್ರಣಾಲಯದ ಪಟಗಳು ಮನೆಮನೆಯನ್ನು ಸೇರಿದ್ದುದರಿಂದ, ಸುಂದರವಾದ ಚಿತ್ರವೆಲ್ಲ ಅವನದೆಂಬ ನಂಬಿಕೆ ಬೆಳೆಯಿತು. ದೀಪ ಹಿಡಿದು ನಿಂತವಳು ಹಲ್ದಂಕರರ ಮಗಳು ಗೀತಾ. ನೂರು ವರ್ಷ ದಾಟಿ ಬಾಳಿದ ಆಕೆ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು.

“ಹಾಗಾದರೆ ನನ್ನ ಕಥೆ ಸುಳ್ಳೇ, ಸರ್?” ಎಂದಳು ಹುಡುಗಿ.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕಾದವಳ ನೋವು ಸುಳ್ಳಲ್ಲ. ಆದರೆ ಅದಕ್ಕಾಗಿ ಗೀತಾ ಎಂಬ ಮಗಳನ್ನು ಅಳಿಸುವುದು ನ್ಯಾಯವೂ ಅಲ್ಲ. ಕೊನೆಗೆ ಚಿತ್ರವೇ ನೆರವಾಯಿತು. ಇದು ಜಲವರ್ಣದ ಕೃತಿ. ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಅದನ್ನು ಬಳಿಯಲಾಗದು, ಉಳಿಸಿಕೊಳ್ಳಬೇಕು. ವರ್ಮೀರನ ಹುಡುಗಿಯ ಸುತ್ತ ಎಲ್ಲವೂ ಕತ್ತಲೆ. ಅಲ್ಲಿ ಕಲ್ಪನೆ ಸ್ವತಂತ್ರ. ಹೆಸರು ತಿಳಿದಿರುವಲ್ಲಿ ಅದರ ಮೇಲೆ ಬಣ್ಣ ಹಚ್ಚದಿರುವುದೇ ಕಥೆಗಾರನ ಧರ್ಮ. ಇದನ್ನು ಅವಳಿಗೆ ಹೇಳಿದೆ.

ವಾರದ ಬಳಿಕ ಅವಳು ಕಥೆಯನ್ನು ತಿದ್ದಿ ತಂದಳು. ಈಗ ಗಂಡ ಮುಂಬಯಿಯಿಂದ ಕೊನೆಯದಾಗಿ ಕಳುಹಿಸಿದ್ದು ಒಂದು ಕ್ಯಾಲೆಂಡರು. ಅದರಲ್ಲಿ ಗೀತಾಳ ಚಿತ್ರ. ಹೆಂಡತಿ ಪ್ರತಿ ಸಂಜೆ ಅದರ ಕೆಳಗೆ ತನ್ನ ದೀಪವನ್ನು ಹಚ್ಚಿಡುತ್ತಾಳೆ. ಇಬ್ಬರು ಹೆಣ್ಣುಗಳು, ಎರಡು ದೀಪಗಳು. ಒಂದು ಇನ್ನೊಂದನ್ನು ನಂದಿಸಿಲ್ಲ.

ಮೊನ್ನೆ ಅಂಗಡಿಯ ಹಿರಿಯರಿಗೂ ಸಂಗತಿಯನ್ನು ತಿಳಿಸಿದೆ. “ಮಗಳಾ?” ಎಂದವರೇ ಕನ್ನಡಕ ಏರಿಸಿಕೊಂಡು, ವರ್ಷಗಳಿಂದ ಕಂಡ ಆ ಮುಖವನ್ನು ಹೊಸದಾಗಿ ನೋಡತೊಡಗಿದರು.