ಮಧ್ಯಮ ಸವಾರನಿಗೆ ತಕ್ಕ ಹಿಮಹಲಗೆ

ಹಿಮವನ್ನು ಚಿತ್ರಪಟಗಳಲ್ಲಿ ಮಾತ್ರ ಕಂಡಿರುವ ನಮ್ಮ ನಾಡಿನವರಿಗೆ, ಅದರ ಮೇಲೆ ಜಾರುವ ಹಲಗೆಯ ವಿಚಾರವು ನಮಗೇತಕ್ಕೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಕಾಲವು ಬದಲಾಗಿದೆ. ನಮ್ಮವರ ಮಕ್ಕಳು ಡೆನ್ವರಿನಲ್ಲಿಯೂ ಸಿಯಾಟಲಿನಲ್ಲಿಯೂ ಉದ್ಯೋಗದಲ್ಲಿದ್ದಾರೆ. ಬೆಂಗಳೂರಿನ ತರುಣ ತರುಣಿಯರು ಮಾಘಮಾಸದಲ್ಲಿ ರಜೆ ಪಡೆದು ಕಾಶ್ಮೀರದ ಗುಲ್ಮಾರ್ಗಕ್ಕೆ ಹೋಗುತ್ತಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಸ್ಕೀ ಓಟದಲ್ಲಿ ಭಾರತದ ಪರವಾಗಿಯೇ ಸ್ಪರ್ಧಿಸಿರುವರು. ಹೀಗೆ ಹಿಮದ ಕಡೆಗೆ ಹೋದವರಲ್ಲಿ ಕೆಲವರು ಮೊದಲನೆಯ ವರ್ಷ ಬಾಡಿಗೆಯ ಹಲಗೆಯ ಮೇಲೆ ಬಿದ್ದೆದ್ದು, ಎರಡನೆಯ ವರ್ಷ ಸ್ವಲ್ಪ ನಿಲ್ಲಲು ಕಲಿತು, ಮೂರನೆಯ ವರ್ಷ ಸ್ವಂತಕ್ಕೊಂದು ಹಲಗೆ ಬೇಕೆಂದು ಮನೆಯಲ್ಲಿ ಪ್ರಸ್ತಾಪಿಸುತ್ತಾರೆ. ಅಮೆರಿಕದಲ್ಲಿ ಒಳ್ಳೆಯ ಹಲಗೆಯೊಂದಕ್ಕೆ ಸಾಧಾರಣವಾಗಿ ೪೦೦ರಿಂದ ೬೦೦ ಡಾಲರುಗಳಾಗುತ್ತವೆ. ಹಣದ ಮಾತು ಹಾಗಿರಲಿ. ತನ್ನ ಶಕ್ತಿಗೆ ಮೀರಿದ ಹಲಗೆಯನ್ನು ಕೊಂಡವನು ಮಣಿಕಟ್ಟು ಮುರಿದುಕೊಂಡು ಬರುವುದುಂಟು. ಅಥವಾ ಅದನ್ನು ಗೋಡೆಗೊರಗಿಸಿ ಆಟವನ್ನೇ ಬಿಟ್ಟುಬಿಡುವುದುಂಟು. ಆದುದರಿಂದ ಕೊಳ್ಳುವವರೂ, ಕೊಳ್ಳಲು ಹಣ ಕೊಡುವವರೂ, ಈ ಹಲಗೆಯ ಗುಣದೋಷಗಳನ್ನು ತಿಳಿದಿರುವುದು ಉಚಿತವಾಗಿದೆ.

ಸ್ನೋಬೋರ್ಡ್ ಎಂದು ಹೆಸರಾದ ಈ ಹಲಗೆಯು ಬಹಳ ಹಳೆಯದೇನಲ್ಲ. ೧೯೬೫ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಊರಿನಲ್ಲಿ ಷರ್ಮನ್ ಪಾಪೆನ್ ಎಂಬ ಗೃಹಸ್ಥನು ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಬಿಗಿದನು. ಅಲೆಗಳ ಮೇಲೆ ಸವಾರಿ ಮಾಡುವಂತೆ ಮಕ್ಕಳು ಅದರ ಮೇಲೆ ನಿಂತು ಇಳಿಜಾರಿನಲ್ಲಿ ಇಳಿದರು. ಹಿಮ ಮತ್ತು ಅಲೆಯ ಸವಾರಿ ಇವೆರಡರ ಇಂಗ್ಲಿಷ್ ಹೆಸರುಗಳನ್ನು ಬೆರೆಸಿ ಆತನ ಪತ್ನಿಯು ಅದಕ್ಕೆ 'ಸ್ನರ್ಫರ್' ಎಂದು ಹೆಸರಿಟ್ಟಳು. ೧೯೭೭ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬವನು ವರ್ಮಾಂಟ್ ಸಂಸ್ಥಾನದಲ್ಲಿ ಹಲಗೆ ತಯಾರಿಸುವ ಕಂಪೆನಿಯನ್ನು ಸ್ಥಾಪಿಸಿದನು. ಬಹುಕಾಲ ಸ್ಕೀ ಪರ್ವತಗಳವರು ಈ ಹಲಗೆಯವರನ್ನು ಪುಂಡರೆಂದು ಹತ್ತಿರ ಸೇರಿಸಲಿಲ್ಲ. ಆದರೂ ೧೯೯೮ರಲ್ಲಿ ಜಪಾನಿನ ನಾಗಾನೋ ಒಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಪಾಪೆನ್ನನೂ ಕಾರ್ಪೆಂಟರನೂ ೨೦೧೯ನೆಯ ಒಂದೇ ವರ್ಷದಲ್ಲಿ ತೀರಿಕೊಂಡರು. ಮಕ್ಕಳ ಆಟಿಕೆಯೊಂದು ಅದನ್ನು ಮಾಡಿದವನ ಜೀವಮಾನದಲ್ಲಿಯೇ ಇಷ್ಟು ದೂರ ಬಂದದ್ದು ಅಪರೂಪವೇ ಸರಿ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಹಲಗೆಗಳಲ್ಲಿ ಹಲವು ಜಾತಿಗಳುಂಟು. ಹಾರಾಟ ತಿರುಗಾಟಗಳ ಚಮತ್ಕಾರಕ್ಕೆಂದು ಮಾಡಿದವು ಕೆಲವು. ಯಂತ್ರದಿಂದ ಸಮಮಾಡಿದ ಹಾದಿಯಲ್ಲಿ ಓಡಲು ಕೆಲವು. ಸಮಮಾಡದ, ಬಿದ್ದ ಹಿಮವು ಬಿದ್ದಂತೆಯೇ ಇರುವ ಇಳಿಜಾರುಗಳಲ್ಲಿ, ಮರಗಳ ನಡುವೆ, ಪರ್ವತವು ಕೊಟ್ಟ ದಾರಿಯಲ್ಲಿ ಇಳಿಯುವುದಕ್ಕೆ ಫ್ರೀರೈಡ್ ಎಂದು ಹೆಸರು. ಈ ಫ್ರೀರೈಡ್ ಹಲಗೆಗಳಲ್ಲಿ ಪ್ರಸಿದ್ಧವಾದವುಗಳು ಬಹಳ ಬಿರುಸಾದವು. ಕಡಿದಾದ ಬೆಟ್ಟವನ್ನು ವೇಗದಿಂದ ಇಳಿಯುವ ನಿಪುಣರಿಗೆಂದೇ ಅವನ್ನು ಮಾಡುತ್ತಾರೆ. ಅಂಗಡಿಯ ಗೋಡೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದೂ ಅವೇ. ಆದರೆ ಅದೇ ಕುಲದಲ್ಲಿ ಹುಟ್ಟಿದ ಸೌಮ್ಯ ಸ್ವಭಾವದ ಹಲಗೆಗಳೂ ಇವೆ; ಮಧ್ಯಮ ತರಗತಿಯ ಸವಾರನಿಗೆ ಇವೇ ಯೋಗ್ಯವಾದವು.

ಮಧ್ಯಮ ತರಗತಿಯವನಾರು? ಇಲ್ಲಿಯೇ ಮೋಸ ಹೋಗುವವರು ಹೆಚ್ಚು. ಹಲಗೆಯನ್ನು ಅಡ್ಡಲಾಗಿ ಹಿಡಿದು ಎಲೆ ಉದುರಿದಂತೆ ಅತ್ತಿತ್ತ ಜಾರುತ್ತ ಕೆಳಗೆ ಬಂದು ಸೇರುವವನು ಇನ್ನೂ ಪ್ರಾರಂಭದವನೇ. ಹಿಮ್ಮಡಿಯ ಕಡೆಯ ಅಂಚಿನಿಂದ ಬೆರಳಿನ ಕಡೆಯ ಅಂಚಿಗೂ, ಅಲ್ಲಿಂದ ಮರಳಿ ಹಿಮ್ಮಡಿಯ ಅಂಚಿಗೂ, ನಿಲ್ಲದೆ ತಿರುವಿಗೆ ತಿರುವು ಹೆಣೆದುಕೊಂಡು ಸಾಧಾರಣ ಇಳಿಜಾರನ್ನು ಧೈರ್ಯವಾಗಿ ಇಳಿಯಬಲ್ಲವನು ಮಧ್ಯಮನು. ಅಮೆರಿಕದಲ್ಲಿ ನೀಲಿ ಚೌಕದ ಗುರುತಿನ ಹಾದಿಗಳು ಇವನಿಗೆ ಸುಲಭ; ಕಪ್ಪು ವಜ್ರದ ಗುರುತಿನವುಗಳಲ್ಲಿ ಮೊಣಕಾಲು ನಡುಗುತ್ತದೆ. ಹಿಮವು ಆಳವಾಗಿದ್ದರೆ ಹಿಂಗಾಲು ಬೇಗ ಸೋಲುತ್ತದೆ. ಈ ಲಕ್ಷಣಗಳು ತನ್ನಲ್ಲಿವೆಯೇ ಇಲ್ಲವೇ ಎಂಬುದನ್ನು ಕೊಳ್ಳುವವನು ತನ್ನೊಳಗೆ ತಾನೇ ಕೇಳಿಕೊಳ್ಳಬೇಕು. ಅಂಗಡಿಯವನಿಗೆ ಅದನ್ನು ಹೇಳಲು ಸಂಕೋಚವೇಕೆ?

ಹಲಗೆಯ ಅಂಗರಚನೆಯನ್ನು ಸ್ವಲ್ಪ ನೋಡಿದರೆ ಸೌಮ್ಯವೆಂಬ ಮಾತಿನ ಅರ್ಥವು ಸ್ಪಷ್ಟವಾಗುತ್ತದೆ. ಒಳಗೆ ಮರದ ತಿರುಳು. ಪಾಪ್ಲರ್, ಪೌಲೋನಿಯಾ, ಬಿದಿರು ಮೊದಲಾದವನ್ನು ಸೀಳಿ ಅಂಟಿಸಿ ಇದನ್ನು ಮಾಡುತ್ತಾರೆ. ಅದರ ಮೇಲೂ ಕೆಳಗೂ ಗಾಜಿನ ನಾರಿನ ಹೊದಿಕೆ. ತಳದಲ್ಲಿ ನುಣುಪಾದ ಪಾಲಿಎಥಿಲೀನ್ ಹಾಳೆ. ಸುತ್ತಲೂ ಉಕ್ಕಿನ ಅಂಚು. ತಿರುಳಿನ ದಪ್ಪವನ್ನೂ ನಾರಿನ ನೇಯ್ಗೆಯನ್ನೂ ಅನುಸರಿಸಿ ಹಲಗೆಯು ಬಾಗುತ್ತದೆ ಅಥವಾ ಸೆಟೆಯುತ್ತದೆ. ಈ ಬಾಗುವಿಕೆಯನ್ನು ಕಂಪೆನಿಯವರು ಒಂದರಿಂದ ಹತ್ತರವರೆಗಿನ ಅಂಕಗಳಲ್ಲಿ ತಿಳಿಸುತ್ತಾರೆ. ಒಂದೆಂದರೆ ಬಹಳ ಮೆದು, ಹತ್ತೆಂದರೆ ಬಹಳ ಬಿರುಸು. ಮಧ್ಯಮ ಸವಾರನು ನಾಲ್ಕರಿಂದ ಆರರೊಳಗೆ ನಿಲ್ಲುವುದು ಒಳ್ಳೆಯದು. ಆದರೆ ಈ ಅಂಕಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಒಂದು ಕಂಪೆನಿಯ ಐದು ಮತ್ತೊಂದರ ಏಳಾಗಿರಬಹುದು. ಅಕ್ಕಿಯ ಸೇರು ಊರೂರಿಗೆ ಬೇರೆಯಾಗಿದ್ದ ಹಾಗೆಯೇ ಇದೂ. ಕೈಯಲ್ಲಿ ಹಿಡಿದು, ತುದಿಯನ್ನು ನೆಲಕ್ಕೂರಿ, ನಡುವನ್ನು ಒತ್ತಿ ನೋಡುವುದು ಅಂಕಕ್ಕಿಂತ ಹೆಚ್ಚು ನಂಬತಕ್ಕದ್ದು.

ಬಿರುಸಾದ ಹಲಗೆಯು ವೇಗದಲ್ಲಿ ನಡುಗದೆ ನಿಲ್ಲುತ್ತದೆ; ಅದು ಅದರ ಗುಣ. ಆದರೆ ಅದನ್ನು ಬಾಗಿಸಿ ತಿರುಗಿಸಲು ವೇಗವೂ ಕಾಲಿನ ಬಲವೂ ಬೇಕು. ಮಧ್ಯಮನು ಹೆದರಿದೊಡನೆ ವೇಗವನ್ನು ಕುಗ್ಗಿಸಿ ಹಿಂದಕ್ಕೆ ವಾಲುತ್ತಾನೆ. ಅಷ್ಟರಲ್ಲಿ ಹಲಗೆಯು ಅವನ ಮಾತನ್ನು ಕೇಳದಂತಾಗುತ್ತದೆ. ಇಳಿಜಾರಿನ ಕಡೆಯ ಅಂಚು ಹಿಮಕ್ಕೆ ಕಚ್ಚಿಕೊಂಡರೆ ಸವಾರನು ರಪ್ಪನೆ ನೆಲಕ್ಕೆ ಬೀಳುತ್ತಾನೆ. ಬೀಳುವಾಗ ಕೈಯೂರುವುದು ಸ್ವಭಾವ. ಸ್ಕೀಯವರಿಗೆ ಮೊಣಕಾಲಿನ ಪೆಟ್ಟು ಹೇಗೋ, ಹಲಗೆಯವರಿಗೆ ಮಣಿಕಟ್ಟಿನ ಪೆಟ್ಟು ಹಾಗೆ. ಮಣಿಕಟ್ಟಿನ ಕಾಪು ತೊಟ್ಟರೆ ಈ ಅಪಾಯವು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಬೆಲೆ ಅಲ್ಪವಾಗಿದ್ದರೂ ಅನೇಕರು ಅದನ್ನು ಧರಿಸದಿರುವುದು ಕೇವಲ ಸೊಗಸಿಗಾಗಿ.

ಇನ್ನು ಬಾಗಿನ ಆಕಾರ. ಹಲಗೆಯನ್ನು ನೆಲದ ಮೇಲಿಟ್ಟಾಗ ನಡು ಮೇಲೆದ್ದು ಎರಡು ತುದಿಗಳು ನೆಲ ಮುಟ್ಟುತ್ತಿದ್ದರೆ ಅದು ಕ್ಯಾಂಬರ್. ಬಿಲ್ಲಿನಂತಿರುವ ಇದರ ಮೇಲೆ ನಿಂತೊಡನೆ ಭಾರವು ಉದ್ದಕ್ಕೂ ಹರಡಿ ಅಂಚು ಚೆನ್ನಾಗಿ ಹಿಡಿಯುತ್ತದೆ. ತೊಟ್ಟಿಲ ಕಾಲಿನ ಪಟ್ಟಿಯಂತೆ ನಡು ನೆಲ ಮುಟ್ಟಿ ತುದಿಗಳು ಮೇಲೆದ್ದಿದ್ದರೆ ಅದು ರಾಕರ್. ಆಳವಾದ ಹಿಮದಲ್ಲಿ ಇದು ದೋಣಿಯಂತೆ ತೇಲುತ್ತದೆ. ಅಂಚು ಕಚ್ಚುವುದೂ ಕಡಿಮೆ. ಆದರೆ ಗಟ್ಟಿಯಾದ ಮಂಜುಗಡ್ಡೆಯ ಮೇಲೆ ಹಿಡಿತವು ಸಾಲದು. ಇವೆರಡನ್ನೂ ಕೂಡಿಸಿ, ಮೂತಿಯನ್ನು ರಾಕರಾಗಿಯೂ ಕಾಲಿನ ಕೆಳಗೆ ಮತ್ತು ಬಾಲದ ಕಡೆಗೆ ಕ್ಯಾಂಬರಾಗಿಯೂ ಮಾಡಿದ ಮಿಶ್ರ ಜಾತಿಯೇ ನಮ್ಮ ಮಧ್ಯಮ ಸವಾರನಿಗೆ ಸಲ್ಲತಕ್ಕದ್ದೆಂದು ನನ್ನ ಅಭಿಪ್ರಾಯ. ಬೆಳಗ್ಗೆ ಗಟ್ಟಿಯಾದ ಹಾದಿ, ಮಧ್ಯಾಹ್ನ ಮರಗಳ ನಡುವಿನ ಹುಡಿಹಿಮ, ಎರಡಕ್ಕೂ ಅದು ಒದಗುತ್ತದೆ.

ಫ್ರೀರೈಡ್ ಹಲಗೆಗೆ ಮುಂದು ಹಿಂದುಗಳ ಭೇದವುಂಟು. ಮೂತಿಯು ಬಾಲಕ್ಕಿಂತ ಕೆಲವು ಮಿಲಿಮೀಟರುಗಳಷ್ಟು ಅಗಲವಾಗಿರುತ್ತದೆ. ಪಾದವನ್ನು ಕಟ್ಟುವ ಸ್ಥಾನವು ನಟ್ಟನಡುವಿನಿಂದ ಒಂದೆರಡು ಸೆಂಟಿಮೀಟರು ಹಿಂದಕ್ಕಿರುತ್ತದೆ. ಇದರ ಫಲವೇನೆಂದರೆ, ಆಳವಾದ ಹಿಮದಲ್ಲಿ ಬಾಲವು ತಾನಾಗಿ ಮುಳುಗಿ ಮೂತಿಯು ತಾನಾಗಿ ಮೇಲೇಳುವುದು; ಸವಾರನು ಹಿಂಗಾಲಿನ ಮೇಲೆ ಭಾರ ಹಾಕಿ ತೊಡೆ ಉರಿಸಿಕೊಳ್ಳಬೇಕಾಗಿಲ್ಲ. ಪಕ್ಕದ ಅಂಚಿನ ಒಳಬಾಗು ಸುಮಾರು ಏಳರಿಂದ ಎಂಟು ಮೀಟರು ತ್ರಿಜ್ಯದ ವೃತ್ತದ ತುಂಡಾಗಿದ್ದರೆ ಸಣ್ಣ ತಿರುವುಗಳು ಸುಲಭವಾಗುತ್ತವೆ; ಮರಗಳ ನಡುವೆ ಇದರ ಪ್ರಯೋಜನ ತಿಳಿಯುವುದು.

ಒಂದು ನಿದರ್ಶನ ಕೊಡಬಹುದಾದರೆ, ಜೋನ್ಸ್ ಕಂಪೆನಿಯವರು 'ಫ್ಲ್ಯಾಗ್‌ಷಿಪ್' ಮತ್ತು 'ಫ್ರಾಂಟಿಯರ್' ಎಂಬ ಎರಡು ಫ್ರೀರೈಡ್ ಹಲಗೆಗಳನ್ನು ಮಾಡಿರುವರು. ಮೊದಲನೆಯದು ಬಿರುಸು, ಹೆಸರುವಾಸಿ. ಎರಡನೆಯದು ಅದರ ಸೌಮ್ಯನಾದ ತಮ್ಮನೆನ್ನಬಹುದು. ಅಣ್ಣನ ಕೀರ್ತಿಗೆ ಮರುಳಾಗಿ ಅವನನ್ನು ಮನೆಗೆ ಕರೆತಂದವರು ತಮ್ಮನೊಂದಿಗೆ ಸುಖವಾಗಿರುತ್ತಿದ್ದರು. ಬೇರೆ ಕಂಪೆನಿಗಳಲ್ಲಿಯೂ ಇಂಥ ಜೋಡಿಗಳಿರುತ್ತವೆ, ಕೇಳಿದರೆ ತೋರಿಸುತ್ತಾರೆ.

ಉದ್ದವನ್ನು ಎತ್ತರದಿಂದ ನಿರ್ಣಯಿಸುವುದು ಹಳೆಯ ಪದ್ಧತಿ; ಗದ್ದದಿಂದ ಮೂಗಿನವರೆಗೆ ಬಂದರೆ ಸರಿಯೆನ್ನುತ್ತಿದ್ದರು. ಹಲಗೆಗೆ ಎತ್ತರ ತಿಳಿಯುವುದಿಲ್ಲ, ಭಾರ ತಿಳಿಯುತ್ತದೆ. ಸುಮಾರು ೭೦ ಕಿಲೋ ತೂಗುವ ಪುರುಷನಿಗೆ ೧೫೫ರಿಂದ ೧೫೮ ಸೆಂಟಿಮೀಟರು ಸಾಧಾರಣವಾಗಿ ಹೊಂದುವುದು. ಕಂಪೆನಿಯ ತೂಕದ ಪಟ್ಟಿಯನ್ನು ನೋಡಿಯೇ ಕೊಳ್ಳತಕ್ಕದ್ದು. ನಡುವಿನ ಅಗಲವು ಬೂಟಿನ ಅಳತೆಗೆ ಸೇರಿದ್ದು. ಹಲಗೆ ಕಿರಿದಾದರೆ ಬೂಟಿನ ತುದಿಯು ಹೊರಚಾಚಿ, ಓರೆಯಾದಾಗ ಹಿಮಕ್ಕೆ ತಗುಲಿ ಸವಾರನನ್ನು ಕೆಡಹುವುದು. ಅಗಲವು ಮಿತಿಮೀರಿದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದು ನಿಧಾನ. ಪಾದ ಚಿಕ್ಕದಾದ ಹೆಂಗಸರಿಗೆ ಗಂಡಸರ ಹಲಗೆಯನ್ನು ಕೊಡಿಸಿ, ತಿರುಗಿಸಲಾರರೆಂದು ಆಕ್ಷೇಪಿಸುವುದು ನ್ಯಾಯವಲ್ಲ. ಅವರಿಗೆಂದೇ ನಡು ಕಿರಿದಾದ ಹಲಗೆಗಳಿವೆ.

ಹಲಗೆಗಿಂತ ಮೊದಲು ಬೂಟಿಗೆ ಹಣ ಹಾಕಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೊಣಕಾಲು ಬಾಗಿಸಿದಾಗ ಹಿಮ್ಮಡಿಯು ಬೂಟಿನೊಳಗೆ ಮೇಲೇಳಬಾರದು. ಎದ್ದರೆ ಎಂಥ ಹಲಗೆಯಾದರೂ ವ್ಯರ್ಥ. ಪಾದವನ್ನು ಹಲಗೆಗೆ ಕಟ್ಟುವ ಬೈಂಡಿಂಗನ್ನು ಬೇರೆಯಾಗಿ ಕೊಳ್ಳುವಾಗ ತಿರುಪುಗಳ ತೂತು ಹೊಂದುವುದೋ ಎಂದು ಕೇಳಬೇಕು. ಬರ್ಟನ್ ಕಂಪೆನಿಯ ಅನೇಕ ಹಲಗೆಗಳಲ್ಲಿ ತೂತುಗಳ ಬದಲು ಉದ್ದವಾದ ಗಾಡಿಯಿರುತ್ತದೆ.

ಗುಲ್ಮಾರ್ಗದಲ್ಲಿ ಈ ವಿಚಾರವೆಲ್ಲವೂ ಪರೀಕ್ಷೆಗೆ ಬರುತ್ತದೆ. ಊರು ಸುಮಾರು ೨,೬೫೦ ಮೀಟರು ಎತ್ತರದಲ್ಲಿದೆ. ಅಲ್ಲಿಂದ ತಂತಿಯ ಮೇಲೆ ಓಡುವ ಗೊಂಡೋಲಾ ತೊಟ್ಟಿಲುಗಳು ಕೊಂಗ್ಡೋರಿಗೂ, ಎರಡನೆಯ ಘಟ್ಟದಲ್ಲಿ ಅಫರ್ವಾತ್ ಪರ್ವತದ ಭುಜಕ್ಕೂ, ಎಂದರೆ ೩,೯೦೦ ಮೀಟರಿಗೂ ಮೇಲೆ, ಜನರನ್ನು ಒಯ್ಯುತ್ತವೆ. ಈ ಎರಡನೆಯ ಘಟ್ಟವು ೨೦೦೫ರಲ್ಲಿ ತೆರೆಯಿತು. ಮೇಲೆ ಇಳಿದವನ ಮುಂದೆ ಸಮಮಾಡಿದ ಹಾದಿ ಬಹಳ ಕಡಿಮೆ. ಉಳಿದುದೆಲ್ಲ ಬರಿಯ ಪರ್ವತ. ಕೆಳಗೆ ಬಾಬಾರೇಷಿ, ತಂಗ್‌ಮಾರ್ಗಗಳ ಕಡೆಗೆ ದೇವದಾರು ಪೈನ್ ಮರಗಳ ನಡುವೆ ಇಳಿಯುವ ದಾರಿಗಳುಂಟು. ಸೌಮ್ಯವಾದ ಹಲಗೆಗೆ ಇಂಥ ಕಾಡಿನ ಇಳಿಜಾರುಗಳೇ ಹಿತ. ಆದರೆ ಹಲಗೆಯು ಸವಾರನನ್ನು ಹಿಮಪಾತದಿಂದ ಕಾಪಾಡುವುದಿಲ್ಲ. ೨೦೧೦ರ ಫೆಬ್ರವರಿಯಲ್ಲಿ ಅಲ್ಲಿಯೇ ಖಿಲನ್‌ಮಾರ್ಗದಲ್ಲಿ ತರಬೇತಿಯಲ್ಲಿದ್ದ ೧೭ ಮಂದಿ ಸೈನಿಕರನ್ನು ಹಿಮವು ನುಂಗಿತು. ೨೦೨೩ರ ಫೆಬ್ರವರಿ ಒಂದರಂದು ಅಫರ್ವಾತಿನ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯವರು ಸತ್ತರು. ಪದರವಾಗಿ ಕುಸಿಯುವ ಹಿಮಪಾತಗಳು ಹೆಚ್ಚಾಗಿ ೩೦ರಿಂದ ೪೫ ಡಿಗ್ರಿಗಳ ಇಳಿಜಾರಿನಲ್ಲಿ ಆಗುತ್ತವೆ. ಮಧ್ಯಮ ಸವಾರನಿಗೂ ಅವನ ಹಲಗೆಗೂ ಆನಂದವಾಗುವುದು ಅದಕ್ಕಿಂತ ಕಡಿಮೆ ಓರೆಯಲ್ಲಿ. ಅಂಥ ಇಳಿಜಾರಿನ ನೆತ್ತಿಯ ಮೇಲೆ ಕಡಿದಾದ ಹಿಮದ ಗೋಡೆ ಇಲ್ಲವೆಂದು ನೋಡಿಕೊಂಡರೆ ಆಯಿತು.

ಹಿಮದಲ್ಲಿ ಹೂತವನು ಬದುಕುವುದು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ. ಅನಂತರ ಆಶೆಯು ಬೇಗ ಕುಗ್ಗುತ್ತದೆ. ಊರಿನಿಂದ ಸಹಾಯ ಬರುವಷ್ಟು ಕಾಲ ಅದಲ್ಲ. ಪಕ್ಕದ ಗೆಳೆಯನೇ ಅಗೆಯಬೇಕು. ಆದುದರಿಂದ ಸಂಕೇತ ಕಳುಹಿಸುವ ಟ್ರಾನ್ಸೀವರ್ ಯಂತ್ರ, ಹಿಮದೊಳಗೆ ಚುಚ್ಚಿ ಹುಡುಕುವ ಕೋಲು, ಸಲಿಕೆ, ಈ ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು, ಉಪಯೋಗಿಸಲು ಬರಬೇಕು. ಮಗನಿಗೆ ಹಲಗೆ ಕೊಡಿಸುವ ತಂದೆಯು ಮೊದಲು ಇದನ್ನು ಕೇಳಲಿ. ಒಬ್ಬನೇ ಹೋಗುವೆನೆಂದರೆ ಹಲಗೆ ಕೊಡಿಸದಿರಲಿ.

ಕೊಳ್ಳುವ ಮುನ್ನ ಒಂದು ದಿನ ಬಾಡಿಗೆಗೆ ತಂದು ನೋಡುವುದು ಉತ್ತಮ. ಪ್ರಾರಂಭಿಕರಿಗೆ ಕೊಡುವ ಸಾಮಾನ್ಯ ಹಲಗೆಯನ್ನಲ್ಲ. ಮಾದರಿಯೆಂದು ಇಟ್ಟ ಹೊಸವುಗಳನ್ನು ಕೇಳಬೇಕು. ಎರಡನ್ನು ಒಂದೇ ದಿನ ಒಂದೇ ಇಳಿಜಾರಿನಲ್ಲಿ ಓಡಿಸಿದರೆ ಹತ್ತು ಮಂದಿಯ ಸಲಹೆಗಿಂತ ಹೆಚ್ಚು ತಿಳಿಯುತ್ತದೆ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಬೆಲೆ ಇಳಿಯುವುದು. ಮರುವರ್ಷ ಎಷ್ಟೋ ಹಲಗೆಗಳಲ್ಲಿ ಬದಲಾಗುವುದು ಮೇಲಿನ ಬಣ್ಣದ ಚಿತ್ರ ಮಾತ್ರ. ಹಳೆಯದನ್ನು ಕೊಳ್ಳುವುದಾದರೆ ತಳದಲ್ಲಿ ಮರ ಕಾಣುವಷ್ಟು ಆಳದ ಗಾಯವಿದೆಯೇ, ಪದರಗಳು ಬಿಟ್ಟುಕೊಂಡಿವೆಯೇ, ಅಂಚು ಸೀಳಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಮರಕ್ಕೆ ನೀರಿಳಿದ ಹಲಗೆ ಅಗ್ಗಕ್ಕೆ ಬಂದರೂ ಬೇಡ.

ತಳದ ಹಾಳೆಯಲ್ಲಿ ಎರಡು ಬಗೆ. ಕರಗಿಸಿ ಎಳೆದದ್ದು ಅಗ್ಗ, ಆರೈಕೆ ಕಡಿಮೆ. ಪುಡಿಯನ್ನು ಒತ್ತಿ ಮಾಡಿದ್ದು ಮೇಣವನ್ನು ಚೆನ್ನಾಗಿ ಹೀರಿ ವೇಗವಾಗಿ ಓಡುವುದು, ಆದರೆ ಮೇಣ ತಪ್ಪಿದರೆ ಅದರ ಹಿರಿಮೆ ಹೋಯಿತು. ವರ್ಷಕ್ಕೆ ಒಂದೇ ವಾರ ಹಿಮ ಕಾಣುವವನಿಗೆ ಮೊದಲನೆಯದೇ ಸಾಕು. ಮೇಣ ಕರಗಿಸಲು ಬೇರೆಯೇ ಇಸ್ತ್ರಿ ಪೆಟ್ಟಿಗೆಯನ್ನು ಇಟ್ಟುಕೊಳ್ಳಬೇಕು. ಬಟ್ಟೆಯ ಇಸ್ತ್ರಿಯನ್ನು ಮುಟ್ಟಿದರೆ ಮನೆಯಾಕೆಯ ಸೀರೆಗೆ ಮೇಣ ಹತ್ತುವುದು ಖಂಡಿತ.

ಪ್ರವಾಸದಿಂದ ಹಿಂದಿರುಗಿದೊಡನೆ ಹಲಗೆಯನ್ನು ಚೀಲದಿಂದ ತೆಗೆದು ಅಂಚುಗಳನ್ನು ಒಣಬಟ್ಟೆಯಿಂದ ಒರೆಸಬೇಕು. ಬೆಂಗಳೂರಿನ ಮಳೆಗಾಲದಲ್ಲಿಯೇ ಉಕ್ಕು ತುಕ್ಕು ಹಿಡಿಯುತ್ತದೆ; ಮಂಗಳೂರಿನ ಕಡೆ ಕೇಳುವುದೇ ಬೇಡ. ತಳಕ್ಕೂ ಅಂಚಿಗೂ ದಪ್ಪನಾಗಿ ಮೇಣ ಬಳಿದು, ಹೆರೆಯದೆ ಹಾಗೆಯೇ ಬಿಟ್ಟು, ಬೈಂಡಿಂಗಿನ ತಿರುಪುಗಳನ್ನು ಸಡಿಲಿಸಿ, ಬಿಸಿಲು ಬೀಳದ ಕೋಣೆಯಲ್ಲಿ ಇಡಬೇಕು. ಮುಂದಿನ ಮಾಘಕ್ಕೆ ಮೇಣವನ್ನು ಹೆರೆದರೆ ಹಲಗೆ ಸಿದ್ಧ.